ಆಮೆಯ ಜಾಡಿಗೆ ಕಾಂಕ್ರೀಟ್ ಅಡ್ಡ: ಹವಳದ್ವೀಪದ ಮರಳದಂಡೆಯನ್ನು ಉಳಿಸುವುದು ಹೇಗೆ?

ಜೀವಶಾಸ್ತ್ರದ ಟೀಚರ್, ಸರಸ್ವತಿಪುರಂ:

ದಸರಾ ರಜೆಯಲ್ಲಿ ಮನೆಮಂದಿಯೆಲ್ಲ ಲಕ್ಷದ್ವೀಪಕ್ಕೆ ಹೋಗಿ ಬಂದೆವು. ಅಲ್ಲಿ ಕಂಡದ್ದೊಂದು ಹದಿನೈದು ದಿನದಿಂದ ತಲೆಯಲ್ಲಿ ಸುತ್ತುತ್ತಿದೆ. ತಿಳಿದವರು ಹೇಳಬೇಕು.

ಎರಡನೆಯ ದಿನ ಬೆಳಕು ಹರಿಯುವ ಹೊತ್ತಿಗೆ ದಂಡೆಗೆ ಇಳಿದಿದ್ದೆ. ಗದ್ದೆಯಲ್ಲಿ ಟ್ರ್ಯಾಕ್ಟರ್ ಹಾದುಹೋದ ಹಾಗೆ ಒಂದು ಜಾಡು ನೀರಿನಿಂದ ನೆಟ್ಟಗೆ ಮೇಲೆ ಬಂದಿತ್ತು. ದುಪಟ್ಟಾ ಹಾಸಿ ಅಳೆದೆ, ಒಂದು ಮೀಟರಿನ ಆಸುಪಾಸು ಅಗಲ. ನಡುವೆ ಹೊಟ್ಟೆ ಎಳೆದ ನುಣುಪಾದ ಪಟ್ಟಿ, ಎರಡೂ ಬದಿಗೆ ಜೋಡಿ ಜೋಡಿಯಾಗಿ ಒತ್ತಿದ ಕಾಲಿನ ಗುರುತು. ಜಾಡು ಹಿಡಿದು ನಡೆದೆ. ಸ್ವಲ್ಪ ಮೇಲೆ, ಕಡಲ್ಕೊರೆತ ತಡೆಯಲು ಪೇರಿಸಿದ ನಾಲ್ಕು ಕಾಲಿನ ಕಾಂಕ್ರೀಟ್ ದಿಮ್ಮಿಗಳ ಸಾಲು ಇತ್ತು. ಜಾಡು ಅಲ್ಲಿಗೆ ಮುಟ್ಟಿ, ಎಡಕ್ಕೆ ಹೊರಳಿ, ಸಾಲಿನ ಗುಂಟ ಇಪ್ಪತ್ತು ಹೆಜ್ಜೆ ಹೋಗಿ, ಮತ್ತೊಮ್ಮೆ ಒಳಗೆ ತೂರಲು ನೋಡಿ, ಕೊನೆಗೆ ಕಡಲಿಗೆ ವಾಪಸಾಗಿತ್ತು. ಒಂದು ದಿಮ್ಮಿಯ ಬುಡದಲ್ಲಿ ಮರಳು ಕೆದರಿದ ಗುರುತಿತ್ತು, ಅಷ್ಟೇ. ಗುಂಡಿ ಇರಲಿಲ್ಲ, ಮೊಟ್ಟೆ ಇಟ್ಟ ಕುರುಹು ಇರಲಿಲ್ಲ.

ಶಾಲೆಗೆ ಬಂದು ಇಕೋ ಕ್ಲಬ್ ಮಕ್ಕಳಿಗೆ ಚಿತ್ರ ತೋರಿಸಿದೆ. ಎಂಟನೆಯ ತರಗತಿಯ ಹುಡುಗಿಯೊಬ್ಬಳು, "ಹಾಗಾದರೆ ಅವಳು ಮೊಟ್ಟೆ ಎಲ್ಲಿಟ್ಟಳು ಮಿಸ್?" ಎಂದು ಕೇಳಿದಳು. ನನಗೆ ಉತ್ತರ ತೋಚಲಿಲ್ಲ. ಮಕ್ಕಳ ಹತ್ತಿರ ಹಳೆಯ ಪತ್ರಿಕೆ ಮಾರಿದ 3,200 ರೂಪಾಯಿ ಇದೆ. ಯಾವುದಾದರೂ ಮೊಟ್ಟೆ ಮರಿ ಮಾಡುವ ಕೇಂದ್ರಕ್ಕೆ ಕಳುಹಿಸೋಣ ಎನ್ನುತ್ತಿದ್ದಾರೆ. ಕಳುಹಿಸಬಹುದೇ? ಆ ಗೋಡೆ ಅಲ್ಲಿರುವುದು ಸರಿಯೇ?

ವನ್ಯಜೀವಿ ವಿದ್ಯಾರ್ಥಿ, ಮಾನಸಗಂಗೋತ್ರಿ:

ಮೇಡಂ, ಎರಡೂ ಬದಿಯ ಗುರುತು ಜೋಡಿಯಾಗಿ ಬಿದ್ದಿದ್ದರೆ ಅದು ಹಸಿರು ಕಡಲಾಮೆ. ಅದು ಮುಂಗಾಲೆರಡನ್ನೂ ಒಟ್ಟಿಗೆ ಎತ್ತಿ ಹಾಕಿ ಮೈಯನ್ನು ಮುಂದಕ್ಕೆ ಎಳೆದುಕೊಳ್ಳುತ್ತದೆ. ಹಾಕ್ಸ್‌ಬಿಲ್ ಆಮೆಯಾಗಿದ್ದರೆ ಗುರುತು ಒಮ್ಮೆ ಆ ಬದಿ, ಒಮ್ಮೆ ಈ ಬದಿ ಬೀಳುತ್ತಿತ್ತು, ಜಾಡೂ ಕಿರಿದಾಗಿರುತ್ತಿತ್ತು. ಲಕ್ಷದ್ವೀಪದಲ್ಲಿ ಹಸಿರು ಆಮೆ ಹೆಚ್ಚಾಗಿ ಮೊಟ್ಟೆ ಇಡುವುದು ಮಳೆಗಾಲದಲ್ಲಿ. ನೀವು ಕಂಡದ್ದು ಋತು ಮುಗಿಯುವ ಕಾಲದ ಜಾಡು.

ನಿಮ್ಮ ವಿದ್ಯಾರ್ಥಿನಿಗೆ ಹೀಗೆ ಹೇಳಬಹುದು. ಬರಿದೇ ಹಿಂದಿರುಗಿದವಳು ಅದೇ ರಾತ್ರಿಯೋ ಮಾರನೆಯ ರಾತ್ರಿಯೋ ಅಕ್ಕಪಕ್ಕದಲ್ಲಿ ಮತ್ತೆ ಹತ್ತಲು ನೋಡುತ್ತಾಳೆ. ಹೊಟ್ಟೆಯಲ್ಲಿ ನೂರರ ಮೇಲೆ ಮೊಟ್ಟೆ ಇರುತ್ತವೆ. ಎರಡು ವಾರಕ್ಕೊಮ್ಮೆಯಂತೆ ಒಂದೇ ಋತುವಿನಲ್ಲಿ ಹಲವು ಸಲ ಇಡಬೇಕು. ಅಲ್ಲಿಯೂ ಗೋಡೆ ಸಿಕ್ಕರೆ ಅಲೆ ಮುಟ್ಟುವ ತಗ್ಗಿನಲ್ಲೇ ಇಟ್ಟು ಹೋಗಬೇಕಾಗುತ್ತದೆ. ಅಲ್ಲಿ ಉಪ್ಪುನೀರು ತುಂಬಿಕೊಂಡು ಮೊಟ್ಟೆ ಉಸಿರುಗಟ್ಟಿ ಸಾಯುತ್ತವೆ.

ಗೋಡೆಯ ವಿಷಯ ಸ್ವಲ್ಪ ವಿವರವಾಗಿ ಹೇಳಬೇಕು. ಹವಳದ್ವೀಪದ ಮರಳು ನದಿ ತಂದದ್ದಲ್ಲ, ಅಲ್ಲಿ ನದಿಯೇ ಇಲ್ಲ. ಅದು ಹವಳದ ಪುಡಿ, ಚಿಪ್ಪಿನ ಚೂರು, ಸುಣ್ಣದ ಕವಚ ಕಟ್ಟಿಕೊಳ್ಳುವ ಸೂಕ್ಷ್ಮಜೀವಿಗಳ ಉಳಿಕೆ. ಗಿಳಿಮೀನು ಹವಳದ ಬಂಡೆಯನ್ನು ಕಚ್ಚಿ, ಗಂಟಲಲ್ಲಿ ಅರೆದು, ಮರಳು ಮಾಡಿ ಹೊರಗೆ ಹಾಕುತ್ತದೆ. ದೊಡ್ಡದೊಂದು ಮೀನು ವರ್ಷಕ್ಕೆ ನೂರಾರು ಕಿಲೋ ಮರಳು ಕೊಡಬಲ್ಲದು. ಹೀಗೆ ಹುಟ್ಟಿದ ಮರಳು ಒಂದೆಡೆ ನಿಲ್ಲುವುದೂ ಇಲ್ಲ. ಮುಂಗಾರಿನಲ್ಲಿ ಒಂದು ಬದಿಯಿಂದ ಕೊಚ್ಚಿಹೋಗಿ ಇನ್ನೊಂದು ತುದಿಗೆ ಸೇರುತ್ತದೆ. ಕಡಲು ಶಾಂತವಾದ ಮೇಲೆ ಬಹುಪಾಲು ಹಿಂದಕ್ಕೆ ಬರುತ್ತದೆ. ದ್ವೀಪ ವರ್ಷಕ್ಕೊಮ್ಮೆ ಮಗ್ಗುಲು ಬದಲಿಸುತ್ತದೆ ಎನ್ನಿ. ಗೋಡೆ ಹಾಕಿದರೆ ಅಲೆ ಅದಕ್ಕೆ ಬಡಿದು ಮುಂದಿನ ಮರಳನ್ನು ಕೆತ್ತುತ್ತದೆ. ಪಕ್ಕದ ದಂಡೆಗೆ ಹೋಗಬೇಕಾದ ಮರಳು ಹೋಗುವುದಿಲ್ಲ, ಅಲ್ಲಿ ಹೊಸ ಕೊರೆತ ಶುರುವಾಗುತ್ತದೆ. ಆಮೇಲೆ ಅಲ್ಲಿಗೂ ಒಂದು ಗೋಡೆ ಬೇಕಾಗುತ್ತದೆ.

ಬಂಗಾರಂ ದ್ವೀಪದ ಬಳಿಯ ಪರಲಿ ಎಂಬ ನಡುಗಡ್ಡೆಗಳಲ್ಲಿ ಒಂದು 1968ರಲ್ಲಿ 0.032 ಚದರ ಕಿಲೋಮೀಟರ್ ಇತ್ತು. 2017ರ ಹೊತ್ತಿಗೆ ಪೂರ್ತಿ ಕರಗಿಹೋಗಿತ್ತು. ನಾನು ಮೊದಲ ವರ್ಷದ ತರಗತಿಯಲ್ಲಿ ಆ ನಕ್ಷೆಗಳನ್ನು ಒಂದರ ಮೇಲೊಂದು ಇಟ್ಟು ನೋಡಿದ್ದು ಇನ್ನೂ ನೆನಪಿದೆ.

ಕಬ್ಬಿನ ರೈತ, ಪಾಂಡವಪುರ:

ಟೀಚರಮ್ಮ, ತಮ್ಮ, ಇಬ್ಬರ ಮಾತೂ ಓದಿದೆ. ಒಂದು ಕೇಳುತ್ತೇನೆ, ಬೇಸರ ಮಾಡಿಕೊಳ್ಳಬೇಡಿ. ಆ ಕಾಂಕ್ರೀಟಿನ ಹಿಂದೆ ಯಾರ ಮನೆ ಇತ್ತು, ನೋಡಿದಿರಾ?

ಲಕ್ಷದ್ವೀಪವೆಲ್ಲ ಸೇರಿದರೂ 32 ಚದರ ಕಿಲೋಮೀಟರ್. ನಮ್ಮ ತಾಲ್ಲೂಕಿನ ಒಂದು ಮೂಲೆಯಷ್ಟು ನೆಲ. ಅದರಲ್ಲೂ ಜನವಸತಿ ಇರುವುದು ಹತ್ತೇ ದ್ವೀಪಗಳಲ್ಲಿ. 2011ರ ಜನಗಣತಿಯಂತೆ 64 ಸಾವಿರದ ಮೇಲೆ ಜನ. ಮನೆಯ ಹಿತ್ತಲು ಕಡಲಿಗೆ ಹೋಗುತ್ತಿದ್ದರೆ ಅವನು ಎಲ್ಲಿಗೆ ಸರಿಯಬೇಕು? ಹಿಂದಕ್ಕೆ ಸರಿದರೆ ಆ ಕಡೆಯೂ ಕಡಲೇ.

ನನ್ನ ಕಬ್ಬಿನ ಗದ್ದೆಯಲ್ಲಿ ಎರಡು ಸಲ ಚಿರತೆ ಮರಿ ಹಾಕಿದೆ. ಕಟಾವಿನ ಆಳುಗಳು ಮರಿ ಕಂಡು ಮಚ್ಚು ಬಿಸಾಡಿ ಓಡಿ ಬಂದಿದ್ದರು. ನೋಡಲು ಬಂದ ಪಟ್ಟಣದವರು ಚಿರತೆಯ ಮಹತ್ವ ಹೇಳಿ ಹೋದರು. ಅವರು ಹೇಳಿದ್ದು ಸುಳ್ಳಲ್ಲ. ಆದರೆ ಆ ರಾತ್ರಿ ಕರೆಂಟು ಬಂದ ಹೊತ್ತಿಗೆ ಗದ್ದೆಗೆ ನೀರು ಕಟ್ಟಲು ಹೋಗಬೇಕಾದವನು ನಾನು. ಗೋಡೆ ಬೇಡ ಎನ್ನುವವರು ಅದನ್ನು ಗೋಡೆಯ ಹಿಂದಿನ ಮನೆಯವನ ಮುಂದೆ ನಿಂತು ಹೇಳಬೇಕು.

ಜೀವಶಾಸ್ತ್ರದ ಟೀಚರ್, ಸರಸ್ವತಿಪುರಂ:

ಮನೆ ಇತ್ತು ಅಣ್ಣ. ಅಂಗಳದಲ್ಲಿ ಕೊಬ್ಬರಿ ಒಣಹಾಕಿದ್ದರು. ಒಬ್ಬ ಅಜ್ಜಿ ನನ್ನನ್ನು ನೋಡಿ ನಕ್ಕರು. ನಾನು ಜಾಡಿನ ಚಿತ್ರ ತೆಗೆದುಕೊಂಡೆ, ಅಜ್ಜಿಯನ್ನು ಏನೂ ಕೇಳಲಿಲ್ಲ. ಕೇಳಬೇಕಿತ್ತು.

ವನ್ಯಜೀವಿ ವಿದ್ಯಾರ್ಥಿ, ಮಾನಸಗಂಗೋತ್ರಿ:

ಅಣ್ಣ, ನಿಮ್ಮ ಮಾತನ್ನು ಒಪ್ಪುತ್ತೇನೆ. ಅಲ್ಲಿ ನಡೆದದ್ದೊಂದು ನಿಮ್ಮ ಚಿರತೆಯ ಕಥೆಯ ಹಾಗೆಯೇ ಇದೆ.

ಅಗತ್ತಿ ದ್ವೀಪದ ಒಳಗಡಲಿನಲ್ಲಿ, ಅಂದರೆ ಹವಳದ ದಿಬ್ಬದ ಒಳಗಿನ ಆಳವಿಲ್ಲದ ನೀರಿನಲ್ಲಿ, ಕಡಲಹುಲ್ಲಿನ ಬಯಲಿತ್ತು. ಹಸಿರು ಆಮೆಗಳು ಹೆಚ್ಚಿ ಆ ಹುಲ್ಲನ್ನು ಬುಡಕ್ಕೆ ಮೇಯ್ದವು. ಆಮೆ ಹೆಚ್ಚಿದಂತೆ ಮೀನು ಕಡಿಮೆಯಾಯಿತು, ಬಲೆಯೂ ಹರಿಯುತ್ತದೆ ಎಂದು ಮೀನುಗಾರರು ದೂರುತ್ತಿದ್ದರು. ನಮ್ಮ ಮೈಸೂರಿನಲ್ಲೇ ಕಚೇರಿ ಇರುವ ನೇಚರ್ ಕನ್ಸರ್ವೇಷನ್ ಫೌಂಡೇಷನ್‌ನ ಸಂಶೋಧಕರು ವರ್ಷಗಳಿಂದ ಲಕ್ಷದ್ವೀಪದ ನೀರಿನಲ್ಲಿ ಕೆಲಸ ಮಾಡುತ್ತಿದ್ದಾರೆ. ಅವರು ಆ ದೂರನ್ನು ತಳ್ಳಿಹಾಕದೆ ಅಳೆದು ನೋಡಿದರು. ಮೇಯ್ದ ಹುಲ್ಲುಬಯಲಿನಲ್ಲಿ ಮೀನು ನಿಜಕ್ಕೂ ಕಡಿಮೆ ಇತ್ತು. ಮರಿಮೀನಿಗೆ ಅಡಗಿಕೊಳ್ಳಲು ಹುಲ್ಲೇ ಉಳಿದಿರಲಿಲ್ಲ. ಆ ಅಧ್ಯಯನ 2013ರಲ್ಲಿ ಪ್ರಕಟವಾಯಿತು. ಮೀನುಗಾರ ಅಕ್ಷರ ಕಲಿಯದಿದ್ದರೂ ತನ್ನ ನೀರನ್ನು ಓದಬಲ್ಲ ಎಂದು ಅದನ್ನು ಓದಿದ ಮೇಲೆ ನನಗೆ ಗಟ್ಟಿಯಾಯಿತು.

ಇನ್ನೊಂದು ಮಾತು. ಅಲ್ಲಿಯವರು ಹೆಚ್ಚಾಗಿ ಹಿಡಿಯುವುದು ಹೊರಗಡಲಿನ ಚೂರೆ (ಟ್ಯೂನಾ) ಮೀನನ್ನು, ಅದೂ ಬಲೆ ಹಾಕದೆ ಗಾಳದ ಕೋಲಿನಿಂದ ಒಂದೊಂದಾಗಿ ಎತ್ತಿ. ಅದರಿಂದ ಗಿಳಿಮೀನಿನಂಥ ದಿಬ್ಬದ ಮೀನುಗಳು ಬಹುಕಾಲ ಉಳಿದುಕೊಂಡವು. ಗಿಳಿಮೀನು ಉಳಿದರೆ ಮರಳು, ಮರಳು ಇದ್ದರೆ ದಂಡೆ. ಆಮೆಯ ದಂಡೆಯನ್ನು ಇಷ್ಟು ದಿನ ಕಾಯ್ದವರಲ್ಲಿ ಆ ಮೀನುಗಾರರೂ ಸೇರುತ್ತಾರೆ, ಆ ಹೆಸರು ಅವರಿಗೆ ಸಿಕ್ಕಿಲ್ಲ.

ನಿವೃತ್ತ ಇತಿಹಾಸ ಮೇಷ್ಟ್ರು, ಶ್ರೀರಂಗಪಟ್ಟಣ:

ದೂರದ ದ್ವೀಪದ ಚರ್ಚೆ ನಮಗೇಕೆ ಎಂದು ಯಾರಿಗಾದರೂ ಅನ್ನಿಸೀತು, ಅದಕ್ಕೆ ಇದನ್ನು ಬರೆಯುತ್ತಿದ್ದೇನೆ. ಲಕ್ಷದ್ವೀಪದ ಅಮಿನಿಯವರು ಕಣ್ಣೂರಿನ ಅರಕ್ಕಲ್ ರಾಜಮನೆತನದ ಆಡಳಿತಕ್ಕೆ ಬೇಸತ್ತು ಟಿಪ್ಪು ಸುಲ್ತಾನನ ಮೊರೆಹೋಗಿದ್ದರು. ಅಮಿನಿ, ಕಡಮತ್, ಕಿಲ್ತಾನ್, ಚೆತ್ಲಾತ್, ಬಿತ್ರ ದ್ವೀಪಗಳು ಅವನ ಆಡಳಿತಕ್ಕೆ ಸೇರಿದವು. 1799ರಲ್ಲಿ ನಮ್ಮ ಕೋಟೆ ಬಿದ್ದ ಮೇಲೆ ಅವು ಕಂಪನಿಯ ಪಾಲಾದವು. ಆಮೇಲೆ 1956ರವರೆಗೂ ಆ ದ್ವೀಪಗಳ ಕಾಗದಪತ್ರ ನಡೆದದ್ದು ದಕ್ಷಿಣ ಕನ್ನಡ ಜಿಲ್ಲೆಯ ಕಚೇರಿಯಲ್ಲಿ. ಈಗಲೂ ಮಂಗಳೂರಿನ ಹಳೇ ಬಂದರಿನಿಂದ ಜಲ್ಲಿ, ಸಿಮೆಂಟು, ತರಕಾರಿ ಹೊತ್ತ ಹಡಗು ಅಲ್ಲಿಗೆ ಹೋಗುತ್ತದೆ. ಅದು ನೆರೆಮನೆಯೇ.

ಬ್ಯಾಂಕ್ ಉದ್ಯೋಗಿ, ವಿಜಯನಗರ ಎರಡನೇ ಹಂತ:

ಟೀಚರ್, ಮಕ್ಕಳ ದುಡ್ಡಿನ ಪ್ರಶ್ನೆಗೆ ಇನ್ನೂ ಯಾರೂ ಉತ್ತರಿಸಿಲ್ಲ, ನಾನು ಹೇಳುತ್ತೇನೆ. ಚೆನ್ನೈನಲ್ಲಿ ಓದುವಾಗ ಎರಡು ವರ್ಷ, 1988ರಿಂದ ನಡೆಯುತ್ತಿರುವ ವಿದ್ಯಾರ್ಥಿಗಳ ಕಡಲಾಮೆ ತಂಡದ ಜೊತೆ ರಾತ್ರಿ ದಂಡೆ ನಡೆದಿದ್ದೇನೆ. ಅಲ್ಲಿ ಬರುವುದು ಆಲಿವ್ ರಿಡ್ಲೆ ಎಂಬ ಇನ್ನೊಂದು ಜಾತಿಯ ಕಡಲಾಮೆ. ಬೀದಿ ದೀಪ, ನಾಯಿ, ಜನ ತುಂಬಿದ ಆ ದಂಡೆಯಲ್ಲಿ ಮೊಟ್ಟೆಯನ್ನು ಬಿಟ್ಟರೆ ಉಳಿಯುವುದಿಲ್ಲ. ಎತ್ತಿ ಬೇಲಿಯೊಳಗೆ ಹೂಳಲೇಬೇಕು.

ಹೂಳುವ ಕೆಲಸ ಎಷ್ಟು ನಾಜೂಕು ಎಂದು ನನ್ನ ಕೈಗೆ ಗೊತ್ತು. ಮೊಟ್ಟೆ ಕೋಳಿಮೊಟ್ಟೆಯಂತೆ ಗಟ್ಟಿಯಲ್ಲ. ಪಿಂಗ್‌ಪಾಂಗ್ ಚೆಂಡಿನಷ್ಟು ದುಂಡಗೆ, ಬೆರಳೊತ್ತಿದರೆ ಕುಳಿ ಬೀಳುವಷ್ಟು ಮೆತ್ತಗೆ. ಇಟ್ಟ ಕೆಲವು ಗಂಟೆಯಲ್ಲಿ ಭ್ರೂಣ ಕವಚದ ಮೇಲ್ಭಾಗಕ್ಕೆ ಅಂಟಿಕೊಳ್ಳುತ್ತದೆ. ಅನಂತರ ಮೊಟ್ಟೆ ಹೊರಳಿದರೆ ಒಳಗಿನ ಜೀವ ಹೋಗುತ್ತದೆ. ಅದಕ್ಕೆ ಸಿಕ್ಕ ಕೂಡಲೇ, ಇದ್ದ ಮುಖದಲ್ಲೇ, ತಾಯಿ ತೋಡಿದಷ್ಟೇ ಆಳಕ್ಕೆ, ಹೂಜಿಯ ಆಕಾರದ ಗುಂಡಿ ತೋಡಿ ಇಡಬೇಕು. ಒಮ್ಮೆ ನಾನು ಚೀಲವನ್ನು ಹೆಗಲಿಗೆ ಹಾಕಿಕೊಳ್ಳಲು ಹೋದಾಗ ಹಿರಿಯರೊಬ್ಬರು ಮಾತಿಲ್ಲದೆ ಅದನ್ನು ಇಳಿಸಿ ಎರಡೂ ಕೈಯಲ್ಲಿ ಹಿಡಿದುಕೊಳ್ಳುವಂತೆ ತೋರಿಸಿದರು. ನಾಲ್ಕು ಕಿಲೋಮೀಟರ್ ಹಾಗೆಯೇ ನಡೆದೆ.

ಆದರೆ ಕತ್ತಲೆ ಇರುವ, ನಾಯಿ ಇಲ್ಲದ, ಅಲೆ ತಲುಪದ ಹವಳದ್ವೀಪದ ದಂಡೆಯಲ್ಲಿ ಈ ಕೆಲಸ ಮಾಡಬಾರದು. ಅಲ್ಲಿ ತಾಯಿಯೇ ಆರಿಸಿದ ಜಾಗ ನಮ್ಮ ಬೇಲಿಗಿಂತ ಒಳ್ಳೆಯದು. ಗೂಡಿನ ಮರಳು ಸುಮಾರು 29 ಡಿಗ್ರಿಗಿಂತ ಬಿಸಿಯಾದರೆ ಮರಿಗಳು ಹೆಚ್ಚಾಗಿ ಹೆಣ್ಣು, ತಣ್ಣಗಿದ್ದರೆ ಹೆಚ್ಚಾಗಿ ಗಂಡು. ನಾವು ಎಲ್ಲ ಗೂಡುಗಳನ್ನೂ ಒಂದೇ ಬಿಸಿಲಿನ ಅಂಗಳಕ್ಕೆ ತಂದರೆ ಆ ಲೆಕ್ಕ ಕೆಡುತ್ತದೆ. ಮೊದಲೇ ಅದು ಕೆಡುತ್ತಿದೆ. ಆಸ್ಟ್ರೇಲಿಯಾದ ಗ್ರೇಟ್ ಬ್ಯಾರಿಯರ್ ರೀಫ್‌ನ ಉತ್ತರದ ದಂಡೆಗಳಲ್ಲಿ ಹುಟ್ಟಿದ ಎಳೆಯ ಹಸಿರು ಆಮೆಗಳಲ್ಲಿ 99 ಶೇಕಡಾ ಹೆಣ್ಣು ಎಂದು 2018ರಲ್ಲಿ ತಿಳಿದುಬಂತು. ಓದಿದ ದಿನ ಊಟ ಸೇರಲಿಲ್ಲ. ದ್ವೀಪದ ದಂಡೆಯ ಅಂಚಿನ ಪೊದೆಗಳ ನೆರಳಿಗೆ ಎಷ್ಟು ಬೆಲೆ ಎಂದು ಅಂದು ಅರ್ಥವಾಯಿತು. ಚೊಕ್ಕ ಕಾಣಲಿ ಎಂದು ಆ ಪೊದೆಗಳನ್ನು ಕಡಿಯುವುದಿದೆಯಲ್ಲ, ಅದು ಗೂಡಿನ ಚಾವಣಿಯನ್ನೇ ಕಿತ್ತ ಹಾಗೆ.

ಮಕ್ಕಳಿಗೆ ಸತೀಶ್ ಭಾಸ್ಕರ್ ಅವರ ಬಗ್ಗೆ ಹೇಳಿ. ನಮ್ಮ ದೇಶದ ಸಾವಿರಾರು ಕಿಲೋಮೀಟರ್ ಕಡಲದಂಡೆಯನ್ನು ಕಾಲ್ನಡಿಗೆಯಲ್ಲಿ ಆಮೆ ಹುಡುಕಿಕೊಂಡು ಅಳೆದವರು. ಹಸಿರು ಆಮೆ ಮೊಟ್ಟೆ ಇಡುವುದು ಮಳೆಗಾಲದಲ್ಲಿ, ಆಗ ಲಕ್ಷದ್ವೀಪದ ನಿರ್ಜನ ಸುಹೇಲಿ ದ್ವೀಪಕ್ಕೆ ದೋಣಿ ಹೋಗುವುದಿಲ್ಲ. ಅದಕ್ಕೆ 1982ರಲ್ಲಿ ಅವರು ಮುಂಗಾರಿಗೆ ಮೊದಲೇ ಅಲ್ಲಿಗೆ ಹೋಗಿ, ಇಡೀ ಮಳೆಗಾಲ ಒಬ್ಬರೇ ಉಳಿದು, ರಾತ್ರಿ ರಾತ್ರಿ ಗೂಡು ಎಣಿಸಿದರು. ಹೆಂಡತಿಗೆ ಬರೆದ ಕಾಗದವನ್ನು ಬಾಟಲಿಯಲ್ಲಿಟ್ಟು ಕಡಲಿಗೆ ಬಿಟ್ಟರು. ಅದು ಶ್ರೀಲಂಕಾದ ಮೀನುಗಾರನೊಬ್ಬನ ಕೈಗೆ ಸಿಕ್ಕಿತು, ಆತ ಅದನ್ನು ಅಂಚೆಗೆ ಹಾಕಿ ಅವರ ಮನೆಗೆ ಮುಟ್ಟಿಸಿದ. 2023ರಲ್ಲಿ ಭಾಸ್ಕರ್ ತೀರಿಕೊಂಡರು.

ಕಬ್ಬಿನ ರೈತ, ಪಾಂಡವಪುರ:

ಬಾಟಲಿಯ ಕಥೆಯನ್ನು ಮನೆಯಲ್ಲಿ ಓದಿ ಹೇಳಿದೆ. ನನ್ನ ತಾಯಿ ಇನ್ನೊಮ್ಮೆ ಓದಿಸಿದರು.

ಈಗ ನನ್ನ ಪ್ರಶ್ನೆ. ಕೈ ಹಾಕಬೇಡಿ, ಗೋಡೆ ಹಾಕಬೇಡಿ, ಮೊಟ್ಟೆ ಎತ್ತಬೇಡಿ ಎನ್ನುತ್ತೀರಿ. ಹಾಗಾದರೆ ಮಾಡುವುದೇನು? ಕೈಕಟ್ಟಿ ಕುಳಿತರೆ ದ್ವೀಪ ಉಳಿಯುತ್ತದೆಯೇ?

ವನ್ಯಜೀವಿ ವಿದ್ಯಾರ್ಥಿ, ಮಾನಸಗಂಗೋತ್ರಿ:

ಅಣ್ಣ, ಕೈ ಹಾಕಿ ಗೆದ್ದ ಕಡೆಯೂ ಇದೆ. ಆಸ್ಟ್ರೇಲಿಯಾದ ರೈನ್ ದ್ವೀಪ ಜಗತ್ತಿನಲ್ಲೇ ಅತಿ ಹೆಚ್ಚು ಹಸಿರು ಆಮೆ ಮೊಟ್ಟೆ ಇಡುವ ಜಾಗ, ಅದೂ ಒಂದು ಪುಟ್ಟ ಹವಳದ ದಿಣ್ಣೆ. 2019ರ ಡಿಸೆಂಬರ್‌ನಲ್ಲಿ ಡ್ರೋನ್ ಹಾರಿಸಿ ಎಣಿಸಿದಾಗ ಸುತ್ತಲಿನ ನೀರಿನಲ್ಲಿ ಸುಮಾರು 64 ಸಾವಿರ ಆಮೆಗಳಿದ್ದವು. ಅಷ್ಟು ಬಂದರೂ ಮರಿ ಕಡಿಮೆ ಹೊರಡುತ್ತಿತ್ತು, ಏಕೆಂದರೆ ದಂಡೆ ತಗ್ಗಾಗಿ ಗೂಡಿಗೆ ನೀರು ನುಗ್ಗುತ್ತಿತ್ತು. 2014ರಿಂದ ಅಲ್ಲಿನದೇ ಮರಳನ್ನು ಯಂತ್ರದಿಂದ ಎತ್ತಿ ದಂಡೆಯನ್ನು ಎತ್ತರಿಸಿದರು. ಆಮೆಗಳು ಬಂಡೆಯಂಚಿನಿಂದ ಮಗುಚಿ ಬಿದ್ದು ಸಾಯದಂತೆ ಬೇಲಿ ಕಟ್ಟಿದರು. ಆದರೆ ಅಲ್ಲಿ ಜನವಸತಿ ಇಲ್ಲ, ಸರ್ಕಾರದ ಬಳಿ ಹಣವಿತ್ತು, ಮರಳು ಆ ದ್ವೀಪದ್ದೇ ಆಗಿತ್ತು.

ಹಿಂದೂ ಮಹಾಸಾಗರದ ಸೆಶೆಲ್ಸ್ ದೇಶದ ಅಲ್ಡಾಬ್ರ ಎಂಬ ಹವಳದ್ವೀಪದಲ್ಲಿ ಮಾಡಿದ್ದು ಮುಖ್ಯವಾಗಿ ಒಂದೇ ಕೆಲಸ. 1968ರಲ್ಲಿ ಆಮೆ ಬೇಟೆ ನಿಲ್ಲಿಸಿದರು, ದಂಡೆಯನ್ನು ಅದರ ಪಾಡಿಗೆ ಬಿಟ್ಟು ಕಾವಲು ಇಟ್ಟರು. ಆಗ ವರ್ಷಕ್ಕೆ ಎರಡು ಮೂರು ಸಾವಿರವಿದ್ದ ಗೂಡುಗಳು ಐವತ್ತು ವರ್ಷದಲ್ಲಿ 15 ಸಾವಿರ ದಾಟಿದವು. ಹಸಿರು ಆಮೆ ಬಲಿತು ಮೊಟ್ಟೆ ಇಡಲು ಎರಡು ಮೂರು ದಶಕ ಬೇಕು. ಇಂದು ಕಾಯ್ದ ಗೂಡಿನ ಫಲ ಕಾಣುವವರು ಮೇಡಂ ಅವರ ಎಂಟನೆಯ ತರಗತಿಯ ಮಕ್ಕಳು, ಅದೂ ಅವರಿಗೆ ಮಕ್ಕಳಾದ ಮೇಲೆ.

ಲಕ್ಷದ್ವೀಪಕ್ಕೆ ನನ್ನ ಅಭಿಪ್ರಾಯ ಹೇಳುತ್ತೇನೆ. ಮನೆಯ ಮುಂದಿನ ಗೋಡೆಯನ್ನು ಕೀಳಿ ಎಂದು ನಾನು ಹೇಳುವುದಿಲ್ಲ. ಮನೆ ಇಲ್ಲದ ದಂಡೆಗೆ, ಜನವಸತಿ ಇಲ್ಲದ ದ್ವೀಪಕ್ಕೆ ಹೊಸದಾಗಿ ಗೋಡೆ, ಕಟ್ಟಡ, ದೀಪ ಹೋಗಬಾರದು. ಅಲ್ಲಿ ಮರಳು ಹರಿದಾಡಲಿ. ಹವಳದ ದಿಬ್ಬವೇ ದ್ವೀಪದ ನಿಜವಾದ ತಡೆಗೋಡೆ. ದೊಡ್ಡ ಅಲೆಯ ಸೊಕ್ಕು ಮುರಿಯುವುದು ಅಲ್ಲಿ. ಕಡಲು ಕಾದು 1998, 2010 ಮತ್ತು 2016ರಲ್ಲಿ ಲಕ್ಷದ್ವೀಪದ ಹವಳ ಬಿಳಿಚಿ ಸತ್ತಿತು. ಒಂದು ಪೆಟ್ಟಿನಿಂದ ಚೇತರಿಸಿಕೊಳ್ಳುವ ಮೊದಲೇ ಇನ್ನೊಂದು ಬಿತ್ತು. ದಿಬ್ಬ ಸತ್ತ ಮೇಲೆ ಎಷ್ಟು ಕಾಂಕ್ರೀಟ್ ಸುರಿದರೂ ಸಾಲದು.

ನದಿ ದಡದವನು, ಶ್ರೀರಂಗಪಟ್ಟಣ:

ನಾನು ಇಂಥ ಕಡೆ ಬರೆಯುವವನಲ್ಲ. ಮರಳಿನ ಮಾತು ಬಂದದ್ದಕ್ಕೆ ಬರೆಯುತ್ತೇನೆ. ನಾನು ಹುಡುಗನಾಗಿದ್ದಾಗ ನಮ್ಮೂರ ಹತ್ತಿರ ಕಾವೇರಿಯಲ್ಲಿ ಬೇಸಿಗೆಗೆ ಮರಳದಿಣ್ಣೆ ಎದ್ದು ಕಾಣುತ್ತಿತ್ತು. ಮೆತ್ತನೆ ಚಿಪ್ಪಿನ ದೊಡ್ಡ ಆಮೆ, ಮೂತಿ ಸಣ್ಣ ಕೊಳವೆಯ ಹಾಗೆ, ದಡಕ್ಕೆ ಹತ್ತಿ ಮೊಟ್ಟೆ ಇಡುತ್ತಿತ್ತು. ನಮ್ಮ ತಂದೆ ಹುಟ್ಟು ಊರಿ ಜಾಗ ತೋರಿಸುತ್ತಿದ್ದರು, ತುಳಿಯಲು ಬಿಡುತ್ತಿರಲಿಲ್ಲ. ಆಮೇಲೆ ಲಾರಿ ಬಂದವು. ಹತ್ತು ವರ್ಷದಲ್ಲಿ ದಿಣ್ಣೆ ಹೋಗಿ ಕಲ್ಲು ಎದ್ದಿತು. ಆ ಲಾರಿಗಳಲ್ಲಿ ಒಂದಕ್ಕೆ ಎರಡು ವರ್ಷ ಮರಳು ತುಂಬಿದವನು ನಾನೇ. ಮಗಳ ಮದುವೆ ಇತ್ತು. ಈಗ ಆ ಆಮೆ ಕಂಡು ಎಷ್ಟು ವರ್ಷವಾಯಿತೋ.

ಜೀವಶಾಸ್ತ್ರದ ಟೀಚರ್, ಸರಸ್ವತಿಪುರಂ:

ನದಿ ದಡದ ಅಣ್ಣ, ನೀವು ಬರೆದದ್ದಕ್ಕೆ ಕೈಮುಗಿಯುತ್ತೇನೆ. ಇದನ್ನು ಮಕ್ಕಳಿಗೆ ಓದಿ ಹೇಳಲು ಅಪ್ಪಣೆ ಕೊಡಿ.

ನಿನ್ನೆ ಇಕೋ ಕ್ಲಬ್ಬಿನಲ್ಲಿ ಎಲ್ಲವನ್ನೂ ಮಾತಾಡಿದೆವು. ಮರಿ ಗೂಡಿನಿಂದ ಎದ್ದಾಗ ಹೆಚ್ಚು ಬೆಳಕಿರುವ ಕಡೆಗೆ ಹರಿಯುತ್ತದೆ, ಕತ್ತಲ ದಂಡೆಯಲ್ಲಿ ಅದು ಕಡಲಿನ ದಿಕ್ಕು, ದೀಪವಿದ್ದರೆ ದಾರಿ ತಪ್ಪುತ್ತದೆ ಎಂದು ವಿವರಿಸಿದೆ. ಆ ರಾತ್ರಿ ನಮ್ಮ ಕೊಠಡಿಯ ಹೊರಗಿನ ದೀಪ ಬೆಳಗಿನವರೆಗೂ ಉರಿದದ್ದು ನೆನಪಾಗಿ ಮಾತು ನಿಂತಿತು. ಆರಿಸುವುದು ನನ್ನ ಕೈಯಲ್ಲಿತ್ತು.

ಕಸದ ವಿಷಯವೂ ಬಂತು. ಅಲ್ಡಾಬ್ರದ ದಂಡೆಯಿಂದ 2019ರಲ್ಲಿ 25 ಟನ್ ಪ್ಲಾಸ್ಟಿಕ್ ಎತ್ತಿದಾಗ ಅದರಲ್ಲಿ ಸುಮಾರು 50 ಸಾವಿರ ಹವಾಯಿ ಚಪ್ಪಲಿಗಳಿದ್ದವಂತೆ. ಊರೇ ಇಲ್ಲದ ದ್ವೀಪ, ಚಪ್ಪಲಿಯೆಲ್ಲ ನಮ್ಮಂಥವರ ಊರುಗಳಿಂದ ತೇಲಿ ಹೋದದ್ದು. ಒಬ್ಬ ಹುಡುಗ ತನ್ನ ಚಪ್ಪಲಿಯನ್ನೇ ನೋಡಿಕೊಂಡ.

ದುಡ್ಡನ್ನು ಸದ್ಯ ಕೇಂದ್ರಕ್ಕೆ ಕಳುಹಿಸುವುದಿಲ್ಲ. ಮೊದಲು ಆ ದ್ವೀಪದ ಶಾಲೆಯ ಮಕ್ಕಳಿಗೆ ಕಾಗದ ಬರೆಯುತ್ತಾರೆ. ಬರೆದ ಪ್ರಶ್ನೆಗಳಲ್ಲಿ ಮೊದಲನೆಯದು: "ನಿಮ್ಮ ಅಜ್ಜಿಯ ಕಾಲದಲ್ಲಿ ದಂಡೆ ಎಲ್ಲಿಯವರೆಗೆ ಇತ್ತು?" ಕಾಂಕ್ರೀಟಿನ ಹಿಂದಿನ ಮನೆಯ ಅಜ್ಜಿಯ ವಿಷಯ ನಾನು ಹೇಳಿದ ಮೇಲೆ ಹುಟ್ಟಿದ ಪ್ರಶ್ನೆ ಅದು. ಉಳಿದ ದುಡ್ಡಿನಲ್ಲಿ ಕಾವೇರಿ ದಡಕ್ಕೆ ಒಂದು ದಿನ ಹೋಗಿ ಬರುವ ಆಸೆ ಇದೆ. ಯಾರಾದರೂ ದಾರಿ ತೋರಿಸುವಿರಾ?

ನದಿ ದಡದವನು, ಶ್ರೀರಂಗಪಟ್ಟಣ:

ಓದಿ ಹೇಳಿ ತಾಯಿ. ದಾರಿ ನಾನು ತೋರಿಸುತ್ತೇನೆ. ಮೇಲ್ಗಡೆ ಒಂದು ಕಡೆ, ಲಾರಿ ಇಳಿಯಲಾಗದ ಜಾಗದಲ್ಲಿ, ಸ್ವಲ್ಪ ಮರಳು ಉಳಿದಿದೆ. ನೀರು ಇಳಿದ ಮೇಲೆ ಬನ್ನಿ. ಆಮೆ ಕಾಣುತ್ತದೆ ಎಂದು ಮಾತು ಕೊಡಲಾರೆ.

ಕಬ್ಬಿನ ರೈತ, ಪಾಂಡವಪುರ:

ಟೀಚರಮ್ಮ, ಮಕ್ಕಳನ್ನು ರೈಲಿನಲ್ಲಿ ಪಾಂಡವಪುರ ನಿಲ್ದಾಣಕ್ಕೆ ಕರೆತನ್ನಿ. ಮಧ್ಯಾಹ್ನದ ಊಟ ನಮ್ಮ ಮನೆಯಲ್ಲಿ. ನಮ್ಮ ಗದ್ದೆಯಲ್ಲಿ ಆ ಹೊತ್ತಿಗೆ ಕಟಾವು ಮುಗಿದಿರುತ್ತದೆ, ಟ್ರ್ಯಾಕ್ಟರ್ ಜಾಡು ಇರುತ್ತದೆ. ನೀವು ದುಪಟ್ಟಾ ಹಾಸಿ ಅಳೆದ ಅಗಲ ಎಷ್ಟೆಂದು ಮಕ್ಕಳು ಅದರ ಪಕ್ಕದಲ್ಲಿ ಗೆರೆ ಎಳೆದು ನೋಡಲಿ.